ಟ್ಯಾಂಕ್ ದೊಡ್ಡದಾದರೆ ಶವರ್ ಜೋರಾಗುತ್ತಾ?

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಮಹಡಿ ಮನೆ. ಕೆಳಗೆ ಅತ್ತೆ-ಮಾವ ಇದ್ದಾರೆ, ಮೇಲೆ ನಾವು. ತಾರಸಿಯಲ್ಲಿ ಎರಡು ವರಸೆ ಇಟ್ಟಿಗೆ ಇಟ್ಟು 1000 ಲೀಟರಿನ ಸಿಂಟೆಕ್ಸ್ ಕೂರಿಸಿದ್ದೇವೆ. ಕೆಳಗಿನ ಮನೆಯಲ್ಲಿ ನೀರು ಜೋರಾಗಿಯೇ ಬರುತ್ತದೆ. ನಮ್ಮ ಬಾತ್‌ರೂಮಿನ ಶವರ್ ಮಾತ್ರ ತೊಟ್ಟಿಕ್ಕುತ್ತದೆ. ಟ್ಯಾಂಕ್ ತುಂಬಿದಾಗ ಪರವಾಗಿಲ್ಲ, ಅರ್ಧ ಖಾಲಿಯಾದ ಮೇಲೆ ಸೊರಗುತ್ತದೆ. ಕೆಳಗೆ ಅಡುಗೆಮನೆಯ ನಲ್ಲಿ ತಿರುಗಿಸಿದರಂತೂ ಮೇಲೆ ನಿಂತೇ ಹೋಗುತ್ತದೆ. ಪ್ಲಂಬರ್ ಹೇಳುವುದು: "2000 ಲೀಟರ್ ಟ್ಯಾಂಕ್ ಹಾಕ್ಸಿ ಮೇಡಂ, ನೀರಿನ ಭಾರ ಜಾಸ್ತಿಯಾದ್ರೆ ತಾನೇ ತಳ್ಳುತ್ತೆ." ಪಕ್ಕದ ಮನೆಯವರು ಪೈಪ್ ಸಣ್ಣದು ಮಾಡಿಸಿ, ಫೋರ್ಸ್ ಬರುತ್ತದೆ ಎನ್ನುತ್ತಾರೆ. ನಮ್ಮ ಮನೆಯವರಿಗೆ ಪಂಪ್ ಹಾಕಿಸುವ ಆಸೆ. ಪಿಯುಸಿ ಓದುವ ಮಗಳು ಮಾತ್ರ, "ಅಮ್ಮ, ನೀರಿನ ಒತ್ತಡದ ಸೂತ್ರದಲ್ಲಿ ಭಾರ ಅನ್ನೋದೇ ಇಲ್ಲ, ಎತ್ತರ ಇದೆ ಅಷ್ಟೇ" ಅನ್ನುತ್ತಾಳೆ. ಬಾತ್‌ರೂಮ್ ಟ್ಯಾಂಕಿನಿಂದ ದೂರ, ಮನೆಯ ಹಿಂಭಾಗದಲ್ಲಿದೆ. ಸೋಲಾರ್ ವಾಟರ್ ಹೀಟರ್ ಕೂಡ ಇದೆ. ಯಾರ ಮಾತು ಕೇಳಲಿ?

ಉತ್ತರ: ಮಗಳ ಮಾತು ಕೇಳಿ. ಆದರೆ ಅವಳ ಸೂತ್ರ ನಿಂತ ನೀರಿನದು. ಹರಿಯುವ ನೀರಿಗೆ ಇನ್ನೊಂದು ಲೆಕ್ಕ ಸೇರಿಸಬೇಕು. ನಿಮ್ಮ ಮನೆಯ ತೊಂದರೆಯಲ್ಲಿ ಜಾಸ್ತಿ ಪಾಲು ಆ ಎರಡನೆಯ ಲೆಕ್ಕದ್ದೇ ಎಂದು ನನ್ನ ಅಂದಾಜು. ಮನೆಗಳ ನೀರಿನ ಲೈನ್ ಹಾಕಿಸುವ ಕೆಲಸದಲ್ಲಿರುವ ನನಗೆ ನಿಮ್ಮ ದೂರು ಹೊಸದಲ್ಲ. ಮೇಲಿನ ಮಹಡಿಯವರು ಹೆಚ್ಚುಕಡಿಮೆ ಇದೇ ಮಾತು ಹೇಳುತ್ತಾರೆ. ಅವರಿಗೆ ಸಿಕ್ಕಿರುವ ಸಲಹೆಗಳೂ ಹೆಚ್ಚಾಗಿ ಇವೇ ಆಗಿರುತ್ತವೆ.

ಮೊದಲು ದೊಡ್ಡ ಟ್ಯಾಂಕಿನ ವಿಷಯ. ನಿಮ್ಮ ಮನೆಯ ನೀರನ್ನು ಕೆಳಗೆ ತಳ್ಳುವುದು ಗುರುತ್ವ ಒಂದೇ, ಬೇರೆ ಯಾವ ಯಂತ್ರವೂ ಇಲ್ಲ. ಭೂಮಿ ನೀರನ್ನು ಎಳೆಯುತ್ತದೆ, ಮೇಲಿನ ನೀರು ಕೆಳಗಿನ ನೀರಿನ ಮೇಲೆ ಕೂರುತ್ತದೆ, ಅದೇ ಒತ್ತಡ. 1 ಚದರ ಸೆಂಟಿಮೀಟರ್ ಜಾಗದ ಮೇಲೆ 10 ಮೀಟರ್ ಎತ್ತರ ನೀರು ನಿಲ್ಲಿಸಿದರೆ ಅದರ ತೂಕ 1 ಕೆಜಿ. ಪಂಪಿನ ಡಬ್ಬಿ ಮೇಲೆ ಒತ್ತಡ 1 ಬಾರ್ ಎಂದು ಬರೆದಿರುತ್ತಾರಲ್ಲ, ಅದು ಹೆಚ್ಚುಕಡಿಮೆ ಇಷ್ಟೇ. ಅಂದರೆ ಪ್ರತಿ ಒಂದು ಅಡಿ ಎತ್ತರಕ್ಕೆ ಸಿಗುವುದು ಸುಮಾರು 0.03 ಬಾರ್.

ಟ್ಯಾಂಕ್ ಅಗಲವಾದರೆ ಒಟ್ಟು ಭಾರ ಜಾಸ್ತಿಯಾಗುತ್ತದೆ, ನಿಜ. ಆದರೆ ಆ ಭಾರವನ್ನು ಹೊರುವುದು ಟ್ಯಾಂಕಿನ ಅಗಲವಾದ ತಳ, ಅದರ ಕೆಳಗಿನ ತಾರಸಿ. ಪೈಪಿನ ಬಾಯಿಗೆ ಗೊತ್ತಾಗುವುದು ತನ್ನ ಮೇಲೆ ಎಷ್ಟು ಎತ್ತರ ನೀರಿದೆ ಅನ್ನುವುದಷ್ಟೇ. ಈಜು ಬರುವವರಿಗೆ ಇದು ಅನುಭವದ ಮಾತು. ಬಾವಿಯಲ್ಲಿ ಹತ್ತಡಿ ಮುಳುಗಿದರೂ ಕೆರೆಯಲ್ಲಿ ಹತ್ತಡಿ ಮುಳುಗಿದರೂ ಕಿವಿ ನೋಯುವುದು ಒಂದೇ ಸಮ. ಕೆರೆಯಲ್ಲಿ ನೀರು ಸಾವಿರ ಪಟ್ಟು ಇದ್ದರೂ ಕಿವಿಗೆ ಅದರ ಲೆಕ್ಕ ಇಲ್ಲ.

ಪ್ಲಂಬರ್ ಒಪ್ಪದಿದ್ದರೆ ಲೆವೆಲ್ ಪೈಪ್ ತರಲು ಹೇಳಿ. ಗಾರೆಯವರು ಗೋಡೆಗೆ ಮಟ್ಟ ಹಿಡಿಯುವ ಪಾರದರ್ಶಕ ಟ್ಯೂಬ್ ಇದೆಯಲ್ಲ, ಅದೇ. ಅದರ ಒಂದು ತುದಿಯನ್ನು ಟ್ಯಾಂಕಿನ ಕೆಳಗಿನ ಔಟ್‌ಲೆಟ್‌ಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಟ್ಯಾಂಕಿನ ಪಕ್ಕದಲ್ಲಿ ಮೇಲಕ್ಕೆ ಹಿಡಿಯಿರಿ. ಟ್ಯೂಬಿನಲ್ಲಿ ಇರುವುದು ಒಂದು ಲೋಟ ನೀರು, ಟ್ಯಾಂಕಿನಲ್ಲಿ ಇರುವುದು ಒಂದು ಟನ್. ಭಾರವೇ ತಳ್ಳುವುದಾದರೆ ಟ್ಯೂಬಿನ ನೀರು ಕಾರಂಜಿಯ ಹಾಗೆ ಚಿಮ್ಮಬೇಕಿತ್ತು. ಹಾಗಾಗುವುದಿಲ್ಲ, ಟ್ಯಾಂಕಿನ ಮಟ್ಟಕ್ಕೇ ಬಂದು ತೆಪ್ಪಗೆ ನಿಲ್ಲುತ್ತದೆ. ಪಾತ್ರೆಯ ಅಗಲಕ್ಕೂ ಒತ್ತಡಕ್ಕೂ ಸಂಬಂಧ ಇಲ್ಲ ಎಂದು ಗಣಿತಜ್ಞ ಸೈಮನ್ ಸ್ಟೆವಿನ್ 1586ರಲ್ಲೇ ಬರೆದಿಟ್ಟಿದ್ದ. ನಾಲ್ಕು ಶತಮಾನ ದಾಟಿದರೂ ತಾರಸಿಗಳ ಮೇಲೆ ಈ ವಾದ ಮುಗಿದಿಲ್ಲ.

2000 ಲೀಟರ್ ಟ್ಯಾಂಕ್ 1000 ಲೀಟರಿನದಕ್ಕಿಂತ ಒಂದಿಷ್ಟು ಎತ್ತರವೂ ಇರುತ್ತದೆ, ಸುಮಾರು ಒಂದಡಿ ಎನ್ನಿ. ಪೂರ್ತಿ ತುಂಬಿದಾಗ ಆ ಒಂದಡಿಯ ಲಾಭ ಸಿಗುತ್ತದೆ. ಅದಕ್ಕಾಗಿ ತಾರಸಿಯ ಮೇಲೆ ಇನ್ನೊಂದು ಟನ್ ಹೇರುವುದು ದುಬಾರಿ ವ್ಯಾಪಾರ. ಎರಡು ದಿನ ಕರೆಂಟ್ ಇಲ್ಲದಿದ್ದರೂ ನೀರು ಇರಲಿ ಅನ್ನುವುದು ನಿಮ್ಮ ಆಸೆಯಾದರೆ ದೊಡ್ಡ ಟ್ಯಾಂಕ್ ಸರಿ. ಶವರ್‌ಗಾಗಿ ಬೇಡ.

ಈಗ ನಿಮ್ಮ ಮನೆಯ ಎತ್ತರಗಳನ್ನು ಕೂಡಿಸೋಣ. ಕೋಣೆಯ ಎತ್ತರ 10 ಅಡಿ, ಮೋಲ್ಡು ಅರ್ಧ ಅಡಿ, ಇಟ್ಟಿಗೆ ಅರ್ಧ ಅಡಿ. ಟ್ಯಾಂಕಿನ ತಳ ನಿಮ್ಮ ಬಾತ್‌ರೂಮಿನ ನೆಲದಿಂದ 11 ಅಡಿ ಮೇಲಿದೆ. ಶವರ್ ಇರುವುದು 7 ಅಡಿಯಲ್ಲಿ. ಉಳಿದದ್ದು 4 ಅಡಿ. ಟ್ಯಾಂಕ್ ತುಂಬಿದ್ದರೆ ಇನ್ನೊಂದು 3-4 ಅಡಿ ಸೇರಿ 7-8 ಅಡಿ ಆಗುತ್ತದೆ. ಟ್ಯಾಂಕ್ ಖಾಲಿಯಾಗುತ್ತಾ ಬಂದ ಹಾಗೆ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ನೀವು ಗಮನಿಸಿದ್ದು ಇದನ್ನೇ. ಕೆಳಗಿನ ಅಡುಗೆಮನೆಯ ನಲ್ಲಿಗೆ ಅದೇ ಟ್ಯಾಂಕಿನ ತಳದಿಂದ ಸುಮಾರು 18 ಅಡಿ ಸಿಗುತ್ತದೆ. ಅಲ್ಲಿ ಮೂರ್ನಾಲ್ಕು ಅಡಿ ಹೆಚ್ಚುಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಅತ್ತೆ-ಮಾವನಿಗೆ ತಕರಾರಿಲ್ಲ.

4 ಅಡಿ ಅಂದರೆ 0.12 ಬಾರ್. ಅಂಗಡಿಯಲ್ಲಿ ಸಿಗುವ ಅಗಲವಾದ ರೇನ್ ಶವರ್‌ಗಳಿಗೆ ಸಾಮಾನ್ಯವಾಗಿ ಅರ್ಧ ಬಾರ್‌ಗೂ ಜಾಸ್ತಿ ಬೇಕು. ಡಬ್ಬಿಯ ಮೇಲೆ ಎಷ್ಟು ಬೇಕೆಂದು ಬರೆದಿದೆಯೋ ನೋಡಿ. ಒತ್ತಡ ಕಡಿಮೆ ಇರುವ ಮನೆಗೆ ಅಂಥದ್ದನ್ನು ಕೊಂಡರೆ ಅದು ಅಲಂಕಾರಕ್ಕೆ ಮಾತ್ರ.

ಇನ್ನು ಪಕ್ಕದ ಮನೆಯವರ ಪೈಪ್ ಸಲಹೆ. ಗಿಡಕ್ಕೆ ನೀರು ಹಾಕುವಾಗ ಪೈಪಿನ ತುದಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ. ಅದನ್ನು ನೋಡಿಯೇ ಈ ನಂಬಿಕೆ ಹುಟ್ಟಿದ್ದು. ಅಲ್ಲಿ ನಡೆಯುವುದೇ ಬೇರೆ. ನೀರು ಪೈಪಿನಲ್ಲಿ ಹರಿಯುವಾಗ ಒಳಗೋಡೆಗೆ ಉಜ್ಜಿಕೊಂಡು ಹೋಗುತ್ತದೆ, ಗುರುತ್ವ ಕೊಟ್ಟ ಒತ್ತಡ ದಾರಿಯಲ್ಲೇ ಖರ್ಚಾಗುತ್ತದೆ. ಹರಿವು ಹೆಚ್ಚಿದಷ್ಟೂ ಖರ್ಚು ಹೆಚ್ಚು. ಬೆರಳಿಟ್ಟಾಗ ಹರಿವು ಕಡಿಮೆಯಾಗುತ್ತದೆ, ದಾರಿಯ ಖರ್ಚು ಉಳಿಯುತ್ತದೆ, ಉಳಿದ ಒತ್ತಡ ತುದಿಯಲ್ಲಿ ವೇಗವಾಗಿ ಕಾಣುತ್ತದೆ. ಬಕೆಟ್ ಇಟ್ಟು ನೋಡಿ, ಬೆರಳಿಟ್ಟಾಗ ತುಂಬಲು ಜಾಸ್ತಿ ಹೊತ್ತು ಬೇಕು. ತುದಿ ಸಣ್ಣದಾದರೆ ವೇಗ ಬರುತ್ತದೆ, ನಿಜ. ಇಡೀ ಪೈಪೇ ಸಣ್ಣದಾದರೆ ಖರ್ಚು ಏರುತ್ತದೆ, ವೇಗವೂ ಹೋಗುತ್ತದೆ, ನೀರೂ ಹೋಗುತ್ತದೆ.

ಎಷ್ಟು ಖರ್ಚು ಅಂತ ಕೇಳಿದರೆ ಗಾಬರಿಯಾಗುತ್ತೀರಿ. ಅರ್ಧ ಇಂಚಿನ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪಿನ ಒಳಗಿನ ಅಗಲ ಸುಮಾರು 12 ಮಿಲಿಮೀಟರ್. ಅದರಲ್ಲಿ ನಿಮಿಷಕ್ಕೆ 12 ಲೀಟರ್ ನೀರು 30 ಅಡಿ ದೂರ ಸಾಗಬೇಕಾದರೆ ಸುಮಾರು 8 ಅಡಿ ಎತ್ತರದ ಒತ್ತಡ ಉಜ್ಜಾಟಕ್ಕೇ ಬೇಕು. ನಿಮ್ಮಲ್ಲಿ ಇರುವುದೇ 4 ಅಡಿ! ಮುಕ್ಕಾಲು ಇಂಚಿನ ಪೈಪಾದರೆ ಅದೇ ನೀರಿಗೆ, ಅದೇ ದೂರಕ್ಕೆ ಒಂದೂಕಾಲು ಅಡಿ ಸಾಕು. ಅಗಲ ಸ್ವಲ್ಪ ಹೆಚ್ಚಿದರೂ ಖರ್ಚು ಆರು ಪಟ್ಟು ಇಳಿಯುತ್ತದೆ. ಮಗಳಿಗೆ ಹೇಳಿ, ಅಗಲದ ಹೆಚ್ಚುಕಡಿಮೆ ಐದನೇ ಘಾತಕ್ಕೆ ತಕ್ಕಂತೆ ಈ ನಷ್ಟ ಬದಲಾಗುತ್ತದೆ. ಎಲ್ಬೋ (ತಿರುವಿನ ಜೋಡಣೆ), ಟೀ (ಕವಲಿನ ಜೋಡಣೆ), ವಾಲ್ವ್ ಸೇರಿದರೆ ಇನ್ನೂ ಏರುತ್ತದೆ.

ಕೆಳಗೆ ನಲ್ಲಿ ತಿರುಗಿಸಿದಾಗ ಮೇಲೆ ನಿಲ್ಲುವುದಕ್ಕೂ ಇದೇ ಕಾರಣ. ನಿಮ್ಮ ಮನೆಯಲ್ಲಿ ಟ್ಯಾಂಕಿನಿಂದ ಒಂದೇ ಪೈಪ್ ಇಳಿದು ಎರಡೂ ಮನೆಗೆ ಕವಲೊಡೆದಿರಬೇಕು. ಕೆಳಗಿನ ನಲ್ಲಿಗೆ ಎತ್ತರದ ಬಲ ಜಾಸ್ತಿ, ಅದು ಹೇರಳವಾಗಿ ನೀರು ಸೆಳೆಯುತ್ತದೆ. ಅಷ್ಟು ನೀರು ಆ ಒಂದೇ ಪೈಪಿನಲ್ಲಿ ಹರಿಯುವಾಗ ನಿಮ್ಮ ಪಾಲಿನ 4 ಅಡಿ ಕವಲಿಗೆ ಬರುವ ಮೊದಲೇ ಕರಗಿ ಹೋಗುತ್ತದೆ. ಕೆಲವು ಮನೆಗಳಲ್ಲಿ ಒತ್ತಡ ಎಷ್ಟು ಕುಸಿಯುತ್ತದೆ ಅಂದರೆ ಮೇಲಿನ ಶವರ್ ಗಾಳಿಯನ್ನೇ ಒಳಕ್ಕೆ ಎಳೆಯುತ್ತದೆ. ಗೊರಗೊರ ಸದ್ದು ಕೇಳಿದ್ದರೆ ಅದು ಇದೇ. ಆಮೇಲೆ ಒಳಗೆ ಹೋದ ಗಾಳಿ ಪೈಪಿನಲ್ಲಿ ಸಿಕ್ಕಿಕೊಂಡು ಇನ್ನೊಂದು ತಲೆನೋವು.

ಮಲೆನಾಡಿನವರಿಗೆ ಈ ಗಾಳಿಯ ಕಾಟ ಚೆನ್ನಾಗಿ ಗೊತ್ತು. ಗುಡ್ಡದ ಮೇಲಿನ ಒರತೆಯಿಂದ ಮನೆಗೆ ಪೈಪ್ ಎಳೆದು, ಮೋಟರಿಲ್ಲದೆ ವರ್ಷವಿಡೀ ನೀರು ತರುವವರು ಅವರು. ದಾರಿಯಲ್ಲಿ ಪೈಪ್ ಒಂದು ಕಡೆ ಉಬ್ಬಿ ಏರಿದರೆ ಅಲ್ಲಿ ಗಾಳಿ ಕೂತು ನೀರು ನಿಲ್ಲುತ್ತದೆ. ನಿಮ್ಮ ತಾರಸಿಯಲ್ಲೂ ಪೈಪ್ ಪ್ಯಾರಪೆಟ್ ಗೋಡೆ ಹತ್ತಿ ಇಳಿದಿದ್ದರೆ ಅಂಥದ್ದೇ ಉಬ್ಬು ಇರುತ್ತದೆ, ಒಮ್ಮೆ ನೋಡಿ. ಗುರುತ್ವದ ಲೈನ್ ಇಳಿಯುತ್ತಲೇ ಹೋಗಬೇಕು, ಏರಬಾರದು. ಏರಲೇಬೇಕಾದ ಕಡೆ, ಆ ಉಬ್ಬಿನ ತುದಿಯಲ್ಲಿ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ತೆರೆದ ಏರ್ ಪೈಪ್ ಕೊಡಬೇಕು.

ದುಡ್ಡು ಖರ್ಚು ಮಾಡುವ ಮೊದಲು ಒಂದು ಭಾನುವಾರ ಕೂತು ಇಷ್ಟು ಮಾಡಿ. ಶವರ್‌ನ ತಲೆ ಬಿಚ್ಚಿ ಬರೀ ಪೈಪಿನಿಂದ ನೀರು ಬಿಡಿ. ಹಾಗೆ ಬಿಟ್ಟಾಗ ಚೆನ್ನಾಗಿ ಬಂದರೆ ತಪ್ಪು ಶವರ್‌ನದ್ದು. ಬೋರ್ ನೀರಾದರೆ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ. ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿ ಹಳೆ ಬ್ರಷ್‌ನಿಂದ ಉಜ್ಜಿದರೆ ಬಿಡುತ್ತದೆ. ಬರೀ ಪೈಪಿನಲ್ಲೂ ಸೊರಗಿದ್ದರೆ ಟ್ಯಾಂಕಿನ ಬುಡದ ಗೇಟ್ ವಾಲ್ವ್ ನೋಡಿ. ಹಿಡಿ ಪೂರ್ತಿ ತಿರುಗಿದರೂ ಒಳಗಿನ ಗೇಟು ಮುರಿದು ಅರ್ಧದಲ್ಲೇ ಕೂತಿರುವುದು ತುಂಬಾ ಸಾಮಾನ್ಯ. ಅದರ ಜಾಗಕ್ಕೆ ಫುಲ್ ಬೋರ್ ಬಾಲ್ ವಾಲ್ವ್ (ತೆರೆದಾಗ ಪೈಪಿನಷ್ಟೇ ಅಗಲ ದಾರಿ ಬಿಡುವುದು) ಹಾಕಿಸಿ. ಟ್ಯಾಂಕಿನ ತಳದಲ್ಲಿ ಕೆಸರು ತುಂಬಿ ಔಟ್‌ಲೆಟ್ ಮುಚ್ಚಿರಬಹುದು, ಅದನ್ನೂ ತೊಳೆಸಿ. ಹಳೆ ಮನೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಾದರೆ ಒಳಗೆ ತುಕ್ಕು ಮತ್ತು ಸುಣ್ಣ ಸೇರಿ ದಾರಿಯೇ ಸಣ್ಣದಾಗಿರುತ್ತದೆ. ಅದಕ್ಕೆ ಬದಲಾಯಿಸುವುದೇ ಮದ್ದು. ಹಾಗೇ ಮೋಟರಿಗೆ ಒಂದು ಆಟೊಮ್ಯಾಟಿಕ್ ಲೆವೆಲ್ ಕಂಟ್ರೋಲರ್ ಹಾಕಿಸಿ ಟ್ಯಾಂಕ್ ಸದಾ ಮುಕ್ಕಾಲಿಗಿಂತ ಮೇಲೆ ಇರುವ ಹಾಗೆ ನೋಡಿಕೊಂಡರೆ ಎರಡು ಅಡಿ ಒತ್ತಡ ಹೆಚ್ಚುಕಮ್ಮಿ ಪುಕ್ಕಟೆಯಾಗಿ ಸಿಗುತ್ತದೆ.

ಇದಾದ ಮೇಲೂ ಸರಿಯಾಗದಿದ್ದರೆ ನಾನು ಮೊದಲು ಕೈ ಹಾಕುವುದು ಪೈಪಿಗೆ. ಟ್ಯಾಂಕಿಗೆ ಇನ್ನೊಂದು ಔಟ್‌ಲೆಟ್ ಕೊರೆಸಿ, ನಿಮ್ಮ ಬಾತ್‌ರೂಮಿಗೆಂದೇ ಬೇರೆ ಲೈನ್ ಎಳೆಸಿ. ತಾರಸಿಯ ಮೇಲೆ ಒಂದು ಇಂಚು, ಕೆಳಗಿಳಿದ ಮೇಲೆ ಮುಕ್ಕಾಲು ಇಂಚು, ಶವರ್‌ನ ಬುಡದಲ್ಲಿ ಮಾತ್ರ ಅರ್ಧ ಇಂಚು. ಎಲ್ಬೋ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಎತ್ತರ ಒಂದಿಂಚೂ ಏರಿಸದೆ, ಬರೀ ಅರ್ಧ ಇಂಚಿನಿಂದ ಮುಕ್ಕಾಲಿಗೆ ಹೋದರೆ ಪೈಪ್ ಸಾಗಿಸುವ ನೀರು ಎರಡೂವರೆ ಪಟ್ಟಿಗೂ ಜಾಸ್ತಿಯಾಗುತ್ತದೆ. ಕೆಳಗಿನ ನಲ್ಲಿಯ ಕಾಟವೂ ತಪ್ಪುತ್ತದೆ. ಇದರಲ್ಲಿ ಅಪಾಯ ಅಂತ ಇದ್ದರೆ ಗೋಡೆ ಒಡೆಯುವುದು, ಟೈಲ್ಸ್ ಹಾಳಾಗುವುದು. ಬಾತ್‌ರೂಮಿನ ಹೊರಗೋಡೆಯ ಮೇಲೆ ಪೈಪ್ ಇಳಿಸಿದರೆ ಅದೂ ಅರ್ಧ ತಪ್ಪುತ್ತದೆ. ಆದರೆ ಬಿಸಿಲಿಗೆ ಬೀಳುವ ಸಿಪಿವಿಸಿ ವರ್ಷಗಳಲ್ಲಿ ಪೆಡಸಾಗುತ್ತದೆ, ಬಣ್ಣ ಹೊಡೆಸಿ ಅಥವಾ ಹೊದಿಕೆ ಸುತ್ತಿಸಿ.

ಎರಡನೆಯದು ಟ್ಯಾಂಕ್ ಎತ್ತರಿಸುವುದು. 4 ಅಡಿ ಇದ್ದದ್ದು 9 ಅಡಿಯಾದರೆ ಒತ್ತಡ ಎರಡು ಪಟ್ಟಿಗೂ ಹೆಚ್ಚು, ಹರಿವು ಒಂದೂವರೆ ಪಟ್ಟು. ಕೆಳಗಿನ ಮನೆಗೆ ಇದರಿಂದ ದೊಡ್ಡ ವ್ಯತ್ಯಾಸ ಕಾಣದು, ಮೇಲಿನವರಿಗೆ ಮಾತ್ರ ಹಬ್ಬ. ಎತ್ತರ ಹೋದಷ್ಟೂ ಗುರುತ್ವ ಕಡಿಮೆಯಾಗುತ್ತದಲ್ಲ ಎಂದು ಮಗಳು ಕೇಳಿದರೂ ಕೇಳಿಯಾಳು. ಆಗುತ್ತದೆ, ಐದು ಮೀಟರಿಗೆ ಶೇಕಡಾ 0.0002ರಷ್ಟೂ ಇಲ್ಲ. ಆ ಚಿಂತೆ ಬಿಡಿ.

ಚಿಂತೆ ಮಾಡಬೇಕಾದದ್ದು ತೂಕದ ಬಗ್ಗೆ. ಗುರುತ್ವ ಪೈಪಿನ ಬಾಯಲ್ಲಿ ಭಾರವನ್ನು ಲೆಕ್ಕಕ್ಕಿಡದಿದ್ದರೂ ತಾರಸಿಯ ಹತ್ತಿರ ಪೂರ್ತಿ ಲೆಕ್ಕ ಕೇಳುತ್ತದೆ. ಓಡಾಡುವ ತಾರಸಿಯನ್ನು ವಿನ್ಯಾಸ ಮಾಡುವಾಗ ಭಾರತೀಯ ಮಾನದಂಡ ಲೆಕ್ಕ ಹಿಡಿಯುವುದು ಚದರ ಮೀಟರಿಗೆ ಸುಮಾರು 150 ಕೆಜಿ. ತುಂಬಿದ 1000 ಲೀಟರ್ ಟ್ಯಾಂಕ್ ಹೆಚ್ಚುಕಡಿಮೆ ಒಂದು ಚದರ ಮೀಟರಿನಲ್ಲಿ 1000 ಕೆಜಿ ಹೇರುತ್ತದೆ. ಹಾಗಾಗಿ ಸ್ಟ್ಯಾಂಡಿನ ಕಾಲುಗಳು ಮೋಲ್ಡಿನ ನಡುವೆ ಬರಕೂಡದು, ಪಿಲ್ಲರ್ ಅಥವಾ ಬೀಮಿನ ನೇರಕ್ಕೇ ಬರಬೇಕು. ಇಟ್ಟಿಗೆಯನ್ನೇ ಐದಡಿ ಪೇರಿಸಿ ಮೇಲೆ ಕೂರಿಸುವ ಕೆಲಸ ದಯವಿಟ್ಟು ಮಾಡಬೇಡಿ. ಎತ್ತರದಲ್ಲಿ ಒಂದು ಟನ್ ನಿಂತಾಗ ಒಂದು ಮೂಲೆ ಕುಸಿದರೂ ಇಡೀ ಟ್ಯಾಂಕ್ ವಾಲುತ್ತದೆ. ಖಾಲಿ ಇದ್ದಾಗ ಅದರದೇ ತೂಕ ಕೆಲವೇ ಹತ್ತು ಕೆಜಿ, ಮುಂಗಾರಿಗೆ ಮೊದಲಿನ ಬಿರುಗಾಳಿಗೆ ಹಾರಿ ಹೋಗುತ್ತದೆ. ಕಟ್ಟಿ ಹಾಕಿ. ಪ್ಲಾಸ್ಟಿಕ್ ಟ್ಯಾಂಕಿನ ತಳಕ್ಕೆ ಪೂರ್ತಿ ಹಲಗೆಯೋ ಕಲ್ಲು ಚಪ್ಪಡಿಯೋ ಆಸರೆ ಇರಬೇಕು, ಸಂದು ಬಿಟ್ಟರೆ ತಳ ಜೋತು ಬಿದ್ದು ಬಿರುಕು ಬಿಡುತ್ತದೆ.

ನಿಮ್ಮ ಮನೆಯಲ್ಲಿ ತಾರಸಿಗೆ ಹತ್ತುವ ಮೆಟ್ಟಿಲಿನ ಮೇಲೆ ಹೆಡ್‌ರೂಮ್ ಇದೆಯೇ? ಇದ್ದರೆ ಟ್ಯಾಂಕ್ ಎತ್ತರಿಸಲು ನನ್ನ ಮೊದಲ ಆಯ್ಕೆ ಅದೇ. ಸಲೀಸಾಗಿ ಏಳೆಂಟು ಅಡಿ ಎತ್ತರ ಸಿಗುತ್ತದೆ, ಸುತ್ತ ಗೋಡೆಯೂ ಇರುತ್ತದೆ. ಎರಡು ಗೋಡೆಗಳ ಮೇಲೆ ಕಬ್ಬಿಣದ ತೊಲೆ ಹಾಯಿಸಿ ಅದರ ಮೇಲೆ ಕೂರಿಸಿದರೆ ಭಾರ ನೇರವಾಗಿ ಗೋಡೆಗೆ ಇಳಿಯುತ್ತದೆ. ಆದರೂ ಹೆಡ್‌ರೂಮ್ ಗೋಡೆಗಳನ್ನು ತೆಳ್ಳಗೆ, ನಾಲ್ಕೂವರೆ ಇಂಚಿನಲ್ಲಿ ಕಟ್ಟಿ ಮುಗಿಸಿರುತ್ತಾರೆ. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ, ಅವರ ಫೀಸ್ ದಂಡ ಅಲ್ಲ.

ಟ್ಯಾಂಕ್ ಎತ್ತರಿಸುವವರು ಮರೆಯುವ ಇನ್ನೊಂದು ವಿಷಯ ಸೋಲಾರ್. ಮನೆಗಳಲ್ಲಿ ಹೆಚ್ಚಾಗಿ ಇರುವುದು ಒತ್ತಡ ತಡೆಯದ ಮಾದರಿ. ಅದಕ್ಕೆ ತಣ್ಣೀರು ಬರುವುದು ನಿಮ್ಮ ಸಿಂಟೆಕ್ಸ್‌ನಿಂದಲೇ. ಸಿಂಟೆಕ್ಸ್ ಏರಿದಷ್ಟೂ ಸೋಲಾರ್ ಟ್ಯಾಂಕಿನ ಮೇಲೂ ಒತ್ತಡ ಏರುತ್ತದೆ. ಎಷ್ಟು ಎತ್ತರದವರೆಗೆ ತಡೆಯುತ್ತದೆ ಎಂದು ಕಂಪನಿಯವರ ಪುಸ್ತಕದಲ್ಲಿ ಇರುತ್ತದೆ, ಅದನ್ನು ಮೀರಿದರೆ ಗ್ಯಾಸ್ಕೆಟ್ ಸೋರುತ್ತದೆ ಅಥವಾ ಟ್ಯಾಂಕೇ ಬಿರಿಯುತ್ತದೆ. ಅದರ ಏರ್ ವೆಂಟ್ ಪೈಪನ್ನೂ ಹೊಸ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಉದ್ದ ಮಾಡಿಸಬೇಕು. ಇಲ್ಲದಿದ್ದರೆ ಬಿಸಿ ನೀರು ಆ ಪೈಪಿನಿಂದ ಹಗಲೂರಾತ್ರಿ ತಾರಸಿಗೆ ಸುರಿಯುತ್ತದೆ. ಕೆಲವರು ತಡೆಯಲಾರದೆ ಆ ವೆಂಟ್‌ಗೆ ಮುಚ್ಚಳ ಹಾಕಿಬಿಡುತ್ತಾರೆ. ಅದು ಅಪಾಯ. ಉಗಿಗೆ ಹೋಗಲು ದಾರಿಯೇ ಇರುವುದಿಲ್ಲ.

ಕೊನೆಗೆ ನಿಮ್ಮ ಮನೆಯವರ ಪಂಪ್. ಕೆಲಸ ಮಾಡುತ್ತದೆ, ಅದರಲ್ಲಿ ಸಂಶಯ ಇಲ್ಲ. ಅರ್ಧ ಎಚ್‌ಪಿ ಪ್ರೆಶರ್ ಪಂಪ್ ಒಂದರಿಂದ ಎರಡು ಬಾರ್ ಕೊಡುತ್ತದೆ, ಅಂದರೆ ಟ್ಯಾಂಕನ್ನು ಮೂವತ್ತು ಅಡಿಗೂ ಮೇಲೆ ಎತ್ತಿಟ್ಟ ಹಾಗೆ. ಬೇರೆ ಯಾವುದಕ್ಕೂ ಜಾಗ ಇಲ್ಲದ ಮನೆಗೆ ಅದೇ ಸರಿ. ಆದರೆ ಅರ್ಧ ಬಾರ್‌ಗೇ ಹೊಂದಿಕೊಂಡಿದ್ದ ಹಳೆಯ ಜಾಯಿಂಟ್‌ಗಳು ಒಂದೊಂದಾಗಿ ಬಾಯಿ ಬಿಡುತ್ತವೆ, ಗೋಡೆಯೊಳಗೆ ಸೋರಿದರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಕಮೋಡಿನ ಫ್ಲಶ್ ಟ್ಯಾಂಕ್ ಸ್ವಲ್ಪ ಸೋರುತ್ತಿದ್ದರೂ ಪಂಪ್ ರಾತ್ರಿಯೆಲ್ಲಾ ಆನ್ ಆಫ್ ಆಗುತ್ತಿರುತ್ತದೆ. ನೀರಿನ ಖರ್ಚೂ ಜಾಸ್ತಿ. ಕರೆಂಟ್ ಹೋದಾಗ ನೀರು ಬರಲು ಪಂಪನ್ನು ತಪ್ಪಿಸಿ ಹೋಗುವ ಬೈಪಾಸ್ ಲೈನ್, ಅದಕ್ಕೊಂದು ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಬೇಕೇಬೇಕು. ಪಂಪಿನ ನೀರನ್ನು ಆ ಸೋಲಾರ್ ಟ್ಯಾಂಕಿನೊಳಕ್ಕೆ ಮಾತ್ರ ನುಗ್ಗಿಸಬೇಡಿ, ಬಿಸಿ ನೀರಿಗೂ ಒತ್ತಡ ಬೇಕಾದರೆ ಅದರ ಔಟ್‌ಲೆಟ್ ಕಡೆಗೆ ಬಿಸಿ ತಡೆಯುವ ಬೇರೆ ಪಂಪ್ ಕೂರಿಸಬೇಕು. ತಣ್ಣೀರಿಗೆ ಮಾತ್ರ ಪಂಪ್ ಹಾಕಿದರೆ ಮಿಕ್ಸರ್ ನಲ್ಲಿಯಲ್ಲಿ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ, ಶವರ್ ಜೋರಾಗಿ ಬರುತ್ತದೆ, ಆದರೆ ತಣ್ಣಗೆ. ನಗರಪಾಲಿಕೆಯ ನಲ್ಲಿ ಲೈನಿಗೆ ನೇರವಾಗಿ ಪಂಪ್ ಜೋಡಿಸುವ ಯೋಚನೆಯಂತೂ ಬೇಡ. ಅದಕ್ಕೆ ಅನುಮತಿ ಇಲ್ಲ. ಬೀದಿಯ ಪೈಪಿನ ಒಡಕಿನಿಂದ ಚರಂಡಿ ನೀರನ್ನೂ ಅದು ಎಳೆದು ತರುತ್ತದೆ.

ಒಟ್ಟಿನಲ್ಲಿ ನಿಮ್ಮ ಮನೆಗೆ ನಾನು ಹೇಳುವುದು: ಈ ವಾರ ಶವರ್, ವಾಲ್ವ್ ನೋಡಿ. ಆಮೇಲೆ ಬೇರೆ ಲೈನ್ ಎಳೆಸಿ. ಲೈನ್ ಎಳೆಯುವಾಗ ತಾರಸಿಯಲ್ಲಿ ಒಂದು ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಜಾಯಿಂಟ್) ಹಾಕಿಸಿ, ಮುಂದೆ ಟ್ಯಾಂಕನ್ನು ಹೆಡ್‌ರೂಮ್ ಮೇಲಕ್ಕೆ ಸಾಗಿಸಿದರೂ ಪಂಪ್ ಕೂರಿಸಿದರೂ ಪೈಪ್ ಕತ್ತರಿಸದೆ ಜೋಡಿಸಬಹುದು. ಕೆಲಸಕ್ಕೆ ಮೊದಲು ಮತ್ತು ಆಮೇಲೆ, ಟ್ಯಾಂಕ್ ಅರ್ಧ ಇರುವಾಗ, ಅದೇ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಎಂದು ಮಗಳ ಕೈಲಿ ಬರೆಸಿಡಿ. ಪ್ಲಂಬರ್‌ಗೆ ಪೂರ್ತಿ ದುಡ್ಡು ಕೊಡುವುದು ಆ ಎರಡು ಅಂಕಿ ನೋಡಿದ ಮೇಲೆ.